ಇಪ್ಪತ್ತು ಡಬ್ಬದಲ್ಲಿ ನಾಲ್ಕು ಸೋರಿಕೆ: ಅವಲಂಬಿತ ಘಟನೆಗಳ ಷರತ್ತುಬದ್ಧ ಸಂಭವನೀಯತೆ, ಒಂದು ಪ್ರಕರಣ ಅಧ್ಯಯನ

ಮಂಗಳೂರಿನ ಬೈಕಂಪಾಡಿಯಲ್ಲಿ ಗೇರುಬೀಜ ಪ್ಯಾಕ್ ಮಾಡುವ ಒಂದು ಘಟಕ ಎಂದಿಟ್ಟುಕೊಳ್ಳಿ. ಪಣಂಬೂರು ಬಂದರಿಗೆ ಹೋಗಬೇಕಾದ ಕಂಟೇನರ್‌ಗೆ ಮಾಲು ಸಿದ್ಧವಾಗುತ್ತಿದೆ. ದರ್ಜೆ ಡಬ್ಲ್ಯು 320, ಅಂದರೆ ಒಂದು ಪೌಂಡಿಗೆ 300ರಿಂದ 320 ಇಡಿ ಗೋಡಂಬಿ. ಒಂದು ಡಬ್ಬದ ನಿವ್ವಳ ತೂಕ 25 ಪೌಂಡ್, ನಮ್ಮ ಲೆಕ್ಕದಲ್ಲಿ 11.34 ಕಿಲೋ. ಹಾಗಾಗಿ ಪ್ರತಿ ಡಬ್ಬದಲ್ಲಿ ಏಳೂವರೆಯಿಂದ ಎಂಟು ಸಾವಿರ ಗೋಡಂಬಿ ಇರುತ್ತವೆ. ಒಂದು ಬಾಕ್ಸಿಗೆ ಎರಡು ಡಬ್ಬ. 20 ಅಡಿಯ ಕಂಟೇನರ್‌ಗೆ ಸಾಮಾನ್ಯವಾಗಿ 700 ಬಾಕ್ಸ್.

ಅಷ್ಟು ದೊಡ್ಡ ಮಾಲಿನಲ್ಲಿ ಈ ಅಧ್ಯಯನಕ್ಕೆ ಬೇಕಾದದ್ದು ಕೊನೆಯ 40 ಡಬ್ಬ ಮಾತ್ರ. ಅವನ್ನು ಗೋದಾಮಿನಲ್ಲಿ ಎರಡು ಅಟ್ಟಿ ಮಾಡಿ ಇಟ್ಟಿದ್ದಾರೆ: ಎಡಗಡೆ 20, ಬಲಗಡೆ 20. ಸಂಜೆ ಬೆಸುಗೆ ಮೇಜನ್ನು ಒರೆಸುವಾಗ ಒಂದು ವಿಷಯ ಗೊತ್ತಾಯಿತು. ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ವಸ್ತು) ಕೆಟ್ಟದ್ದರಿಂದ ಒಂದರ ಹಿಂದೆ ಒಂದರಂತೆ ನಾಲ್ಕು ಡಬ್ಬಗಳ ಮುಚ್ಚಳದ ಬೆಸುಗೆ ಸರಿಯಾಗಿ ಕೂತಿಲ್ಲ. ಆ ನಾಲ್ಕಕ್ಕೆ ಗುರುತು ಹಾಕಿರಲಿಲ್ಲ. ನಾಲ್ಕೂ ಒಂದೇ ಅಟ್ಟಿಗೆ ಹೋಗಿವೆ ಎಂಬುದು ಮಾತ್ರ ಖಚಿತ. ಡಬ್ಬ, ತೂಕ, ದರ್ಜೆಯ ವಿವರಗಳು ವ್ಯಾಪಾರದಲ್ಲಿ ಇರುವಂಥವೇ. 40, 20, 4 ಎಂಬ ಅಂಕಿಗಳು ಲೆಕ್ಕ ಕೈಗೆ ಸಿಗಲಿ ಎಂದು ಇಟ್ಟುಕೊಂಡವು. ಆ ನಾಲ್ಕೂ ಸೋರುತ್ತವೆ, ಉಳಿದ 36 ಸೋರುವುದಿಲ್ಲ ಎಂದು ಹಿಡಿಯೋಣ.

ಎಲ್ಲ ಡಬ್ಬವನ್ನೂ ಯಾಕೆ ಪರೀಕ್ಷಿಸಬಾರದು ಎಂದು ಮೊದಲೇ ಕೇಳಬೇಕು. ಗೋಡಂಬಿ ತುಂಬಿದ ಡಬ್ಬದಿಂದ ಗಾಳಿ ಹೀರಿ ತೆಗೆದು ಇಂಗಾಲದ ಡೈಆಕ್ಸೈಡ್ ತುಂಬಿ ತೂತಿಗೆ ಬೆಸುಗೆ ಹಾಕುತ್ತಾರೆ. ದಿನ ಕಳೆದಂತೆ ತಿರುಳಿನ ಎಣ್ಣೆ ಆ ಅನಿಲವನ್ನು ಸ್ವಲ್ಪ ಸ್ವಲ್ಪವಾಗಿ ಹೀರಿಕೊಳ್ಳುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಬೀಜಗಳು ಅಲುಗಾಡದೆ ಬಿಗಿಯಾಗಿ ಕೂರುತ್ತವೆ. ಸೋರುವ ಡಬ್ಬದಲ್ಲಿ ಇದು ಆಗುವುದಿಲ್ಲ. ಹೊರಗಿನ ಗಾಳಿ ಒಳಗೆ ಬರುತ್ತದೆ, ಕರಾವಳಿಯ ಮಳೆಗಾಲದಲ್ಲಿ ಆ ಗಾಳಿಯೆಂದರೆ ತೇವ. ಶೇಕಡಾ 5ರ ಒಳಗೆ ಇರಬೇಕಾದ ತೇವಾಂಶ ಏರಿದರೆ ಗೋಡಂಬಿ ಮೆತ್ತಗಾಗುತ್ತದೆ; ಆಮ್ಲಜನಕ ತಗುಲಿದ ಎಣ್ಣೆ ಕಮಟು ಹಿಡಿಯುತ್ತದೆ. ಬೆಸುಗೆ ಹಾಕಿದ ಕೂಡಲೇ ನೀರಿನಲ್ಲಿ ಮುಳುಗಿಸಿದರೆ ಸೋರುವ ಕಡೆ ಗುಳ್ಳೆ ಏಳಬಹುದು. ಆದರೆ ತಡವಾದ ಮೇಲೆ ಸೋರಿದ ಡಬ್ಬದ ಒಳಗೂ ಹೊರಗೂ ಒಂದೇ ಒತ್ತಡ. ಆಗ ಗುಳ್ಳೆ ಏಳದು, ಬದಲಿಗೆ ನೀರೇ ಒಳಗೆ ಇಳಿದೀತು. ಆದ್ದರಿಂದ ಡಬ್ಬವನ್ನು ಚುಚ್ಚಿ ಒಳಗಿನ ಒತ್ತಡ ನೋಡುವ ವ್ಯಾಕ್ಯೂಮ್ ಗೇಜ್ ಹಿಡಿಯಬೇಕು. ಚುಚ್ಚಿದ ಡಬ್ಬಕ್ಕೆ ಮತ್ತೆ ಅನಿಲ, ಮತ್ತೆ ಬೆಸುಗೆ. ಸರಿ ಇದ್ದ ಡಬ್ಬವನ್ನೂ ಪರೀಕ್ಷೆಯೇ ಹಾಳು ಮಾಡುವ ಕೆಲಸ ಇದು.

ಇಡೀ ಲೆಕ್ಕದ ಸ್ವರೂಪ ನಿರ್ಧಾರವಾಗುವುದೂ ಇಲ್ಲಿಯೇ. ಚುಚ್ಚಿದ ಡಬ್ಬವನ್ನು ಅಟ್ಟಿಗೆ ಮರಳಿ ಇಡುವುದಿಲ್ಲ. ಒಂದು ತೆಗೆದ ಮೇಲೆ ಉಳಿದ ಅಟ್ಟಿ ಮೊದಲಿನ ಅಟ್ಟಿಯಲ್ಲ. ಮೊದಲನೆಯದರ ಫಲಿತಾಂಶ ಎರಡನೆಯದರ ಸಂಭವನೀಯತೆಯನ್ನು ಬದಲಿಸುತ್ತದೆ, ಅಂದರೆ ಇವು ಅವಲಂಬಿತ ಘಟನೆಗಳು.

ಮೊದಲ ಸುತ್ತು: ನಾಲ್ಕೂ ಎಡ ಅಟ್ಟಿಯಲ್ಲಿವೆ ಎಂದು ಗೊತ್ತಿದ್ದಾಗ

ಖರೀದಿದಾರರ ಪರವಾಗಿ ಬಂದ ಸರ್ವೇಯರ್ ಎಡ ಅಟ್ಟಿಯಿಂದ ಮನಸ್ಸಿಗೆ ಬಂದಂತೆ ಮೂರು ಡಬ್ಬ ಆರಿಸುತ್ತಾರೆ. ಮೂರೂ ಸರಿ ಇದ್ದು, ಸೋರಿಕೆ ಅವರ ಕಣ್ಣಿಗೆ ಬೀಳದೆ ಹೋಗುವ ಸಂಭವನೀಯತೆ ಎಷ್ಟು?

ಮೊದಲ ಡಬ್ಬ ಸರಿ ಇರುವುದಕ್ಕೆ 16/20. ಅದು ಸರಿ ಇತ್ತು ಎಂದಾದರೆ ಉಳಿದದ್ದು 19, ಅವುಗಳಲ್ಲಿ ಸರಿಯಾದವು 15. ಎರಡೂ ಸರಿ ಎಂದಾದ ಮೇಲೆ ಉಳಿದದ್ದು 18, ಸರಿಯಾದವು 14.

16/20 × 15/19 × 14/18 = 3360/6840 = 0.491

ಇಲ್ಲಿ 15/19 ಮತ್ತು 14/18 ಎಂಬವೇ ಷರತ್ತುಬದ್ಧ ಸಂಭವನೀಯತೆಗಳು. ಸಂಕೇತದಲ್ಲಿ ಬರೆದರೆ ಸಂ(ಬ | ಅ) = ಸಂ(ಅ ಮತ್ತು ಬ) ÷ ಸಂ(ಅ). ಓದುವುದು ಹೀಗೆ: ಅ ನಡೆದಿದೆ ಎಂದು ಗೊತ್ತಾದ ಮೇಲೆ ಬ ನಡೆಯುವ ಸಂಭವನೀಯತೆ. ಇದನ್ನೇ ತಿರುಗಿಸಿದರೆ ಗುಣಾಕಾರದ ನಿಯಮ: ಸಂ(ಅ ಮತ್ತು ಬ) = ಸಂ(ಅ) × ಸಂ(ಬ | ಅ). ದ್ವಿತೀಯ ಪಿಯುಸಿ ಗಣಿತದ ಕೊನೆಯ ಅಧ್ಯಾಯದಲ್ಲಿ ಇದೇ ನಿಯಮವನ್ನು ಚೀಲದ ಕೆಂಪು, ಕಪ್ಪು ಚೆಂಡುಗಳ ಮೇಲೆ ಕಲಿಸುತ್ತಾರೆ. ಕಲಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಚೆಂಡನ್ನು ಯಾಕೆ ಮರಳಿ ಹಾಕುವುದಿಲ್ಲ ಎಂಬುದಕ್ಕೆ ಅಲ್ಲಿ ಕಾರಣವೇ ಇರುವುದಿಲ್ಲ. ಹಾಗಾಗಿ ಆ ಮಾತು ವಿದ್ಯಾರ್ಥಿಯ ಕಣ್ಣು ತಪ್ಪುತ್ತದೆ.

ಉಳಿದ ಸಾಧ್ಯತೆಗಳನ್ನೂ ಬರೆದು ಮೊತ್ತ ಸರಿ ಬರುತ್ತದೆಯೇ ನೋಡಬೇಕು. ನಿಖರವಾಗಿ ಒಂದು ಸೋರುವುದು: ಅದು ಮೊದಲನೆಯದು, ಎರಡನೆಯದು, ಮೂರನೆಯದು ಯಾವುದೂ ಆಗಬಹುದು, ಆದ್ದರಿಂದ 3 × (4 × 16 × 15)/6840 = 2880/6840. ಎರಡು ಸೋರುವುದು 3 × (4 × 3 × 16)/6840 = 576/6840. ಮೂರೂ ಸೋರುವುದು (4 × 3 × 2)/6840 = 24/6840. ನಾಲ್ಕು ಅಂಶಗಳನ್ನು ಕೂಡಿದರೆ 3360 + 2880 + 576 + 24 = 6840, ಸರಿಯಾಗಿ ಒಂದು. ಮೊತ್ತ ಒಂದು ಬಾರದಿದ್ದರೆ ಆ 3ರ ಗುಣಕವನ್ನು ಮರೆತಿರುತ್ತಾರೆ; ಹತ್ತರಲ್ಲಿ ಒಂಬತ್ತು ಸಲ ತಪ್ಪು ಅಲ್ಲೇ ಇರುತ್ತದೆ.

ಪ್ರತಿ ಡಬ್ಬಕ್ಕೂ 16/20 ಎಂದೇ ಹಿಡಿದು 0.8 × 0.8 × 0.8 ಎಂದು ಗುಣಿಸಿದರೆ 0.512 ಬರುತ್ತದೆ. ನಿಜವಾದ ಉತ್ತರ 0.491. ಶೇಕಡಾ ಎರಡು ಅಂಶದಷ್ಟೇ ವ್ಯತ್ಯಾಸಕ್ಕೆ ಇಷ್ಟು ತಲೆಬಿಸಿ ಯಾಕೆ ಎಂದು ಕೇಳಬಹುದು. ಮೂರು ಡಬ್ಬಕ್ಕೆ ಹೌದು, ವ್ಯತ್ಯಾಸ ಸಣ್ಣದು. ಹತ್ತು ಡಬ್ಬ ತೆಗೆದು ನೋಡಿ: ಮರಳಿ ಇಡದ ಸರಿಯಾದ ಲೆಕ್ಕದಲ್ಲಿ ಸೋರಿಕೆ ತಪ್ಪಿಸಿಕೊಳ್ಳುವ ಸಂಭವನೀಯತೆ 0.043, ತಪ್ಪು ಲೆಕ್ಕದಲ್ಲಿ 0.107. ಎರಡು ಪಟ್ಟಿಗಿಂತ ಹೆಚ್ಚು. ಹದಿನೇಳು ತೆಗೆದರೆ ನಿಜವಾದ ಉತ್ತರ ಸೊನ್ನೆ, ಯಾಕೆಂದರೆ ಉಳಿದ ಮೂರರಲ್ಲಿ ನಾಲ್ಕು ಸೋರುವ ಡಬ್ಬ ಹಿಡಿಯುವುದೇ ಇಲ್ಲ. 0.8ನ್ನು ಹದಿನೇಳು ಸಲ ಗುಣಿಸಿದವರಿಗೆ ಮಾತ್ರ 0.0225 ಬಂದಿರುತ್ತದೆ.

ಇದಕ್ಕೆ ಹಣದ ಲೆಕ್ಕವೂ ಉಂಟು. ಸೋರಿಕೆಯನ್ನು ಕನಿಷ್ಠ ಶೇಕಡಾ 90ರಷ್ಟು ಸಂಭವನೀಯತೆಯಿಂದ ಹಿಡಿಯಬೇಕು ಎಂದಾದರೆ ಎಷ್ಟು ಡಬ್ಬ ಚುಚ್ಚಬೇಕು? ತಪ್ಪಿಸಿಕೊಳ್ಳುವ ಸಂಭವನೀಯತೆ 5 ಡಬ್ಬಕ್ಕೆ 0.282, 6ಕ್ಕೆ 0.207, 7ಕ್ಕೆ 0.148, 8ಕ್ಕೆ 0.102, 9ಕ್ಕೆ 0.068. ಎಂಟಕ್ಕೆ ಕೂದಲೆಳೆಯಲ್ಲಿ ತಪ್ಪುತ್ತದೆ, ಒಂಬತ್ತು ಬೇಕು. ಸ್ವತಂತ್ರ ಘಟನೆಗಳೆಂದು, ಅಂದರೆ ಒಂದರ ಫಲಿತಾಂಶ ಇನ್ನೊಂದನ್ನು ಬದಲಿಸದು ಎಂದು ತಪ್ಪಾಗಿ ಹಿಡಿದವರು ಹನ್ನೊಂದು ಎನ್ನುತ್ತಾರೆ. ಎರಡು ಡಬ್ಬ, ಅಂದರೆ 22.68 ಕಿಲೋ ಗೋಡಂಬಿಯ ಪ್ಯಾಕಿಂಗ್ ಸುಮ್ಮನೆ ಹಾಳು.

ಹಾಗಿದ್ದರೆ 1,400 ಡಬ್ಬದ ಇಡೀ ಕಂಟೇನರ್‌ನಿಂದ ಮೂರು ತೆಗೆದರೂ ಇದೇ ಜಾಗ್ರತೆ ಬೇಕೇ? ಬೇಡ. ಅದೇ ಶೇಕಡಾ 20ರ ಪ್ರಮಾಣದಲ್ಲಿ 280 ಸೋರುತ್ತಿದ್ದರೆ 1120/1400 × 1119/1399 × 1118/1398 = 0.5117, 0.512ಕ್ಕೆ ಹೆಚ್ಚುಕಡಿಮೆ ಅಂಟಿಕೊಂಡೇ ಇದೆ. ತೆಗೆಯುವ ಮಾದರಿ ಒಟ್ಟು ಮಾಲಿನ ಶೇಕಡಾ 10ಕ್ಕಿಂತ ಕಡಿಮೆ ಇದ್ದಾಗ ಸ್ವತಂತ್ರವೆಂದು ಹಿಡಿದರೂ ನಡೆಯುತ್ತದೆ ಎಂಬ ರೂಢಿ ಬಂದದ್ದು ಹೀಗೆ. ನಮ್ಮ ಅಟ್ಟಿಯಲ್ಲಿ ಮೂರೆಂದರೆ ಶೇಕಡಾ 15.

ಎರಡನೆಯ ಡಬ್ಬದ ಬಗ್ಗೆ ಒಂದು ಗೊಂದಲ

ಮೊದಲನೆಯದು ಸೋರಿದ್ದರೆ ಎರಡನೆಯದು ಸೋರುವ ಸಂಭವನೀಯತೆ 3/19. ಮೊದಲನೆಯದು ಸರಿ ಇದ್ದರೆ 4/19. ಮೊದಲನೆಯದನ್ನು ಚುಚ್ಚಿ ನೋಡದೆ ಬದಿಗಿಟ್ಟು ನೇರವಾಗಿ ಎರಡನೆಯದನ್ನು ಚುಚ್ಚಿದರೆ? ಅನೇಕರು ಇಲ್ಲಿ 19ನ್ನು ಹಿಡಿದುಕೊಂಡು ಒದ್ದಾಡುತ್ತಾರೆ. ಎರಡೂ ದಾರಿಗಳನ್ನು ಕೂಡಿಸಿ:

4/20 × 3/19 + 16/20 × 4/19 = 76/380 = 0.20

ಮತ್ತೆ 4/20ಕ್ಕೇ ಬಂತು. ಡಬ್ಬ ತೆಗೆಯುವುದರಿಂದ ಸಂಭವನೀಯತೆ ಬದಲಾಗುವುದಿಲ್ಲ, ತೆಗೆದದ್ದು ಏನೆಂದು ತಿಳಿದಾಗ ಬದಲಾಗುತ್ತದೆ. ಇದನ್ನು ಒಪ್ಪಿಕೊಂಡರೆ ಇನ್ನೊಂದು ವಿಚಿತ್ರವೂ ಸಹಜವಾಗುತ್ತದೆ. ಮೊದಲ ಡಬ್ಬ ಬದಿಯಲ್ಲಿದೆ, ಚುಚ್ಚಿಲ್ಲ. ಎರಡನೆಯದನ್ನು ಚುಚ್ಚಿದರೆ ಸೋರಿದೆ. ಈಗ ಮೊದಲನೆಯದು ಸೋರುವ ಸಂಭವನೀಯತೆ (12/380) ÷ (76/380) = 12/76 = 3/19. ನಂತರ ತೆಗೆದ ಡಬ್ಬ ಮೊದಲು ತೆಗೆದ ಡಬ್ಬದ ಲೆಕ್ಕವನ್ನು ಬದಲಿಸಿತು. ಡಬ್ಬಕ್ಕೆ ಏನೂ ಆಗಿಲ್ಲ. ಬದಲಾದದ್ದು ನಮ್ಮ ತಿಳಿವಳಿಕೆ. ಷರತ್ತುಬದ್ಧ ಸಂಭವನೀಯತೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕಾಲಕ್ರಮವನ್ನು ಕೇಳುವುದೇ ಇಲ್ಲ.

ರಿಜಿಸ್ಟರ್‌ನ ಒಂದು ಸಾಲು

ಈಗ ಪ್ರಕರಣದ ಅತಿ ಸೂಕ್ಷ್ಮ ಜಾಗಕ್ಕೆ ಬರೋಣ. ಸರ್ವೇಯರ್ ಒಂದು ಬಾಕ್ಸ್ ಬಿಚ್ಚಿದ್ದಾರೆ. ರಿಜಿಸ್ಟರ್‌ನಲ್ಲಿ ಬರೆದಿರುವುದು ಇಷ್ಟೇ: "ಬಾಕ್ಸ್ 7: ಸೋರಿಕೆ ಕಂಡಿದೆ." ಆ ಬಾಕ್ಸಿನ ಎರಡೂ ಡಬ್ಬ ಸೋರುವ ಸಂಭವನೀಯತೆ ಎಷ್ಟು? ಡಬ್ಬಗಳು ಅಟ್ಟಿಯೊಳಗೆ ಚೆನ್ನಾಗಿ ಕಲೆತುಹೋಗಿವೆ ಎಂದೇ ಸದ್ಯಕ್ಕೆ ಹಿಡಿಯೋಣ.

ಮೇಲಿನ ಡಬ್ಬವನ್ನು ಮಾತ್ರ ಚುಚ್ಚಿ, ಅದು ಸೋರಿದ್ದನ್ನು ನೋಡಿ ಬರೆದ ಸಾಲಾದರೆ, ಕೆಳಗಿನದು ಸೋರುವುದಕ್ಕೆ 3/19 = 0.158. ಎರಡನ್ನೂ ಚುಚ್ಚಿ, ಎರಡರಲ್ಲಿ ಒಂದಾದರೂ ಸೋರಿದ್ದರೆ ಹಾಗೆ ಬರೆಯುವುದು ಅವರ ಪದ್ಧತಿಯಾದರೆ ಲೆಕ್ಕ ಬೇರೆ. ಒಂದಾದರೂ ಸೋರುವ ಸಂಭವನೀಯತೆ 1 − (16 × 15)/380 = 140/380. ಎರಡೂ ಸೋರುವುದು 12/380. ಭಾಗಿಸಿದರೆ 12/140 = 0.086.

ಅಕ್ಷರ ಒಂದೇ, ಉತ್ತರ ಅರ್ಧದಷ್ಟು. ಯಾಕೆಂದರೆ "ಒಂದಾದರೂ" ಎಂಬ ಷರತ್ತಿನಲ್ಲಿ "ಮೇಲಿನದು ಸೋರಿದೆ, ಕೆಳಗಿನದು ಸರಿ" ಮತ್ತು "ಮೇಲಿನದು ಸರಿ, ಕೆಳಗಿನದು ಸೋರಿದೆ" ಎರಡೂ ಸೇರಿವೆ. "ಮೇಲಿನದು ಸೋರಿದೆ" ಎಂಬ ಷರತ್ತಿನಲ್ಲಿ ಒಂದೇ ಇದೆ. ಛೇದ ಹಿಗ್ಗಿತು, ಉತ್ತರ ಕುಗ್ಗಿತು. ಮಾಹಿತಿ ಏನೆಂಬುದಷ್ಟೇ ಸಾಲದು, ಆ ಮಾಹಿತಿ ಯಾವ ವಿಧಾನದಿಂದ ನಮ್ಮ ಕೈಗೆ ಬಂತು ಎಂಬುದೂ ಷರತ್ತಿನ ಭಾಗ. ಆದ್ದರಿಂದ ರಿಜಿಸ್ಟರ್‌ನಲ್ಲಿ ಬಾಕ್ಸ್ ಸಂಖ್ಯೆ, ಮೇಲಿನದೋ ಕೆಳಗಿನದೋ, ಎಷ್ಟು ಡಬ್ಬ ಚುಚ್ಚಿದರು, ಗೇಜ್ ಏನು ತೋರಿಸಿತು, ಈ ನಾಲ್ಕೂ ಬೇಕೇ ಬೇಕು. ಇದರಲ್ಲಿ ಒಂದು ತಪ್ಪಿದರೂ ಆಮೇಲೆ ಎಷ್ಟೇ ಬುದ್ಧಿವಂತರು ಕೂತರೂ ಲೆಕ್ಕ ತೆಗೆಯಲಾಗದು.

ಡಬ್ಬಗಳು ಕಲೆತಿಲ್ಲದಿದ್ದರೆ

ಇಲ್ಲಿಯವರೆಗಿನ ಪ್ರತಿಯೊಂದು ಭಿನ್ನರಾಶಿಯ ಕೆಳಗೂ ಒಂದು ಊಹೆ ಇದೆ: ಯಾವ ಡಬ್ಬ ಎಲ್ಲಿದೆ ಎಂಬುದು ಸಂಪೂರ್ಣ ಯಾದೃಚ್ಛಿಕ. ಗೋದಾಮಿನಲ್ಲಿ ಹಾಗಿರುತ್ತದೆಯೇ? ಒಂದರ ಹಿಂದೆ ಒಂದರಂತೆ ಬೆಸುಗೆಯಾದ ಡಬ್ಬಗಳು ಅದೇ ಕ್ರಮದಲ್ಲಿ ಬಾಕ್ಸಿಗೆ ಹೋಗುವುದೇ ಹೆಚ್ಚು. ಆ ನಾಲ್ಕು ಡಬ್ಬ ಎರಡೇ ಬಾಕ್ಸಿನಲ್ಲಿ ಜೋಡಿಯಾಗಿ ಕೂತಿವೆ ಎಂದುಕೊಳ್ಳಿ. ಹತ್ತು ಬಾಕ್ಸಿನಲ್ಲಿ ಎರಡು ಪೂರ್ತಿ ಕೆಟ್ಟವು, ಎಂಟು ಪೂರ್ತಿ ಒಳ್ಳೆಯವು.

ಈಗ ಒಂದು ಡಬ್ಬ ಸೋರಿದ್ದರೆ ಅದೇ ಬಾಕ್ಸಿನ ಇನ್ನೊಂದು ಸೋರುವ ಸಂಭವನೀಯತೆ 3/19 ಅಲ್ಲ, 1. ಡಬ್ಬ ಕಡಿಮೆಯಾದದ್ದರಿಂದ ಇಳಿಯಬೇಕಿದ್ದ ಸಂಭವನೀಯತೆ, ಕಾರಣ ಒಂದೇ ಆದ್ದರಿಂದ ಮೇಲಕ್ಕೆ ಹಾರಿತು. ಅವಲಂಬನೆಯಲ್ಲಿ ಎರಡು ಬಗೆ ಉಂಟು ಎಂಬುದನ್ನು ಗುರುತಿಸದೆ ಸೂತ್ರಕ್ಕೆ ಕೈ ಹಾಕಬಾರದು ಎಂದು ನಾವು ಒತ್ತಿ ಹೇಳುವುದು ಇದಕ್ಕೇ. ಮರಳಿ ಇಡದಿರುವುದರಿಂದ ಬರುವ ಅವಲಂಬನೆ ಒಂದು, ಅದು ಸೋರುವ ಡಬ್ಬಗಳನ್ನು ಒಂದರಿಂದ ಒಂದನ್ನು ದೂರ ತಳ್ಳುತ್ತದೆ. ಒಂದೇ ಕಾರಣದಿಂದ ಬರುವ ಅವಲಂಬನೆ ಇನ್ನೊಂದು, ಅದು ಅವುಗಳನ್ನು ಗುಂಪು ಮಾಡುತ್ತದೆ. ಕಾರ್ಖಾನೆಗಳಲ್ಲಿ ಎರಡನೆಯದರ ಬಲವೇ ಹೆಚ್ಚು.

ಸರ್ವೇಯರ್ ಮೂರು ಡಬ್ಬ ಹೇಗೆ ಆರಿಸುತ್ತಾರೆ ಎಂಬುದು ಈಗ ಮುಖ್ಯವಾಗುತ್ತದೆ. ಮೂರು ಬೇರೆ ಬೇರೆ ಬಾಕ್ಸಿನಿಂದ ಒಂದೊಂದು ತೆಗೆದರೆ ಸೋರಿಕೆ ತಪ್ಪಿಸಿಕೊಳ್ಳುವುದು 8/10 × 7/9 × 6/8 = 0.467. ಬಾಕ್ಸ್ ಬಿಚ್ಚುವ ಶ್ರಮ ಉಳಿಸಲು ಒಂದು ಬಾಕ್ಸಿನ ಎರಡೂ, ಇನ್ನೊಂದರಿಂದ ಒಂದು ಎಂದು ತೆಗೆದರೆ 8/10 × 7/9 = 0.622. ಮೂರು ಡಬ್ಬ ಚುಚ್ಚಿದ ಖರ್ಚಿಗೆ ಎರಡು ಡಬ್ಬದ ಮಾಹಿತಿ ಮಾತ್ರ ಸಿಕ್ಕಿತು. ಡಬ್ಬಗಳು ಚೆನ್ನಾಗಿ ಕಲೆತಿದ್ದರೆ ಹೇಗೆ ತೆಗೆದರೂ 0.491. ಅಂದರೆ ಬೇರೆ ಬೇರೆ ಬಾಕ್ಸಿನಿಂದ ತೆಗೆಯುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ, ಲಾಭ ಇರಬಹುದು. ಬಿಚ್ಚಿ ಅಂಟಿಸುವ ಟೇಪಿನ ಖರ್ಚು ನೋಡಿ ಹಿಂಜರಿಯುವ ಜಾಗ ಇದಲ್ಲ.

ಎರಡನೆಯ ಸುತ್ತು: ಯಾವ ಅಟ್ಟಿ ಎಂದೇ ಗೊತ್ತಿಲ್ಲ

ಇಲ್ಲಿಯವರೆಗೆ ನಾಲ್ಕೂ ಎಡ ಅಟ್ಟಿಯಲ್ಲಿವೆ ಎಂದು ಹಿಡಿದಿದ್ದೆವು. ಪ್ರಕರಣದ ನಿಜವಾದ ಸ್ಥಿತಿ ಅದಲ್ಲ. ಎಡವೋ ಬಲವೋ ಗೊತ್ತಿಲ್ಲ. ಎರಡಕ್ಕೂ ಸಮಾನ ಅವಕಾಶ, 0.5 ಮತ್ತು 0.5 ಎಂದು ಇಡೋಣ. ಡಬ್ಬಗಳು ಅಟ್ಟಿಯೊಳಗೆ ಕಲೆತಿವೆ ಎಂದೂ ಹಿಡಿಯೋಣ. ಎಡದಿಂದ ಮೂರು ಚುಚ್ಚಿದರು. ಮೂರೂ ಸರಿ.

"ಮೂರಕ್ಕೆ ಮೂರೂ ಸರಿ ಉಂಟಲ್ಲ ಮಾರಾಯ್ರೆ, ಇನ್ನು ಎಡಗಡೆದ್ದು ಲೋಡ್ ಮಾಡಬಹುದಲ್ಲ?" ಎಂದು ಸೂಪರ್‌ವೈಸರ್ ಕೇಳಿದರೆ ಏನು ಹೇಳಬೇಕು?

ಎಡ ಅಟ್ಟಿಯಲ್ಲಿ ಸೋರಿಕೆ ಇದ್ದೂ ಮೂರೂ ಸರಿ ಬರುವುದು: 0.5 × 0.491 = 0.2456. ಎಡ ಅಟ್ಟಿಯಲ್ಲಿ ಸೋರಿಕೆಯೇ ಇಲ್ಲದೆ ಮೂರೂ ಸರಿ ಬರುವುದು: 0.5 × 1 = 0.5. ಮೂರೂ ಸರಿ ಬರುವ ಒಟ್ಟು ಸಂಭವನೀಯತೆ 0.7456. ಆದ್ದರಿಂದ ಮೂರೂ ಸರಿ ಎಂದು ಕಂಡ ಮೇಲೆ ಎಡ ಅಟ್ಟಿಯಲ್ಲಿ ಸೋರಿಕೆ ಇರುವ ಸಂಭವನೀಯತೆ 0.2456 ÷ 0.7456 = 0.329. ಇದು ಬೇಯ್ಸ್ ನಿಯಮ. ಥಾಮಸ್ ಬೇಯ್ಸ್ ತೀರಿಕೊಂಡ ಮೇಲೆ ಅವರ ಪ್ರಬಂಧವನ್ನು 1763ರಲ್ಲಿ ರಿಚರ್ಡ್ ಪ್ರೈಸ್ ಪ್ರಕಟಣೆಗೆ ತಂದರು. ಅದರ ತಿರುಳು ಇಷ್ಟೇ: ಗುಣಾಕಾರದ ನಿಯಮವನ್ನು ಎರಡೂ ಕಡೆಯಿಂದ ಬರೆದು ಭಾಗಿಸುವುದು.

0.491 ಮತ್ತು 0.329 ಎರಡನ್ನೂ ಒಂದೇ ಎಂದು ತಿಳಿಯುವುದು ಇಲ್ಲಿನ ದೊಡ್ಡ ಅಪಾಯ. ಮೊದಲನೆಯದು "ಸೋರಿಕೆ ಇದ್ದರೆ ಮೂರೂ ಸರಿ ಬರುವ" ಸಂಭವನೀಯತೆ, ಎರಡನೆಯದು "ಮೂರೂ ಸರಿ ಬಂದರೆ ಸೋರಿಕೆ ಇರುವ" ಸಂಭವನೀಯತೆ. ಭಾಗಾಕಾರದ ಕಷ್ಟ ಅನಿಸುವವರು 1,000 ಸಲ ಹೀಗಾಯಿತು ಎಂದು ಊಹಿಸಿಕೊಳ್ಳಲಿ. 500 ಸಲ ಸೋರಿಕೆ ಎಡದಲ್ಲಿ, ಅವುಗಳಲ್ಲಿ ಸುಮಾರು 246 ಸಲ ಮೂರೂ ಸರಿ ಬರುತ್ತವೆ. 500 ಸಲ ಸೋರಿಕೆ ಬಲದಲ್ಲಿ, ಆಗ 500 ಸಲವೂ ಎಡದ ಮೂರೂ ಸರಿ. ಒಟ್ಟು 746ರಲ್ಲಿ 246. ಮಾಲೀಕರಿಗೆ, ಸೂಪರ್‌ವೈಸರ್‌ಗೆ ವಿವರಿಸಬೇಕಾದಾಗ ಈ ಎಣಿಕೆಯ ದಾರಿಯೇ ಲೇಸು.

ಸೂಪರ್‌ವೈಸರ್‌ಗೆ ಕೊಡಬೇಕಾದ ಉತ್ತರ: ಅನುಮಾನ ಅರ್ಧದಿಂದ ಮೂರನೇ ಒಂದಕ್ಕೆ ಇಳಿದಿದೆ ಅಷ್ಟೇ, ಲೋಡ್ ಮಾಡಬಾರದು.

ಈಗ ಎಡ ಅಟ್ಟಿಯಿಂದ ನಾಲ್ಕನೆಯ ಡಬ್ಬ ತೆಗೆದರೆ ಅದು ಸೋರುವ ಸಂಭವನೀಯತೆ ನೋಡಿ. ಸೋರಿಕೆ ಎಡದಲ್ಲೇ ಎಂದು ಖಚಿತವಿದ್ದಾಗ ಅದು 4/17 = 0.235, ಆರಂಭದ 0.20ಕ್ಕಿಂತ ಹೆಚ್ಚು. ಸೋರುವ ನಾಲ್ಕೂ ಇನ್ನೂ ಒಳಗೇ ಇವೆ, ಒಳ್ಳೆಯವು ಮೂರು ಕಡಿಮೆಯಾಗಿವೆ. ಆದರೆ ಯಾವ ಅಟ್ಟಿ ಎಂದು ಗೊತ್ತಿಲ್ಲದಾಗ ಆರಂಭದ ಸಂಭವನೀಯತೆ 0.5 × 0.2 = 0.10, ಮೂರೂ ಸರಿ ಬಂದ ಮೇಲೆ 0.329 × 4/17 = 0.077. ಇಳಿಯಿತು. "ಮೂರೂ ಸರಿ" ಎಂಬ ಒಂದೇ ಸುದ್ದಿ ಒಂದು ಕಡೆ ಏರಿಸಿತು, ಇನ್ನೊಂದು ಕಡೆ ಇಳಿಸಿತು. ಮೊದಲ ಡಬ್ಬವೇ ಸೋರಿದ್ದರೂ ಹೀಗೆಯೇ ತಿರುವುಮುರುವು: ಖಚಿತವಿದ್ದಾಗ ಮುಂದಿನದಕ್ಕೆ 0.20ರಿಂದ 0.158ಕ್ಕೆ ಇಳಿಕೆ, ಗೊತ್ತಿಲ್ಲದಾಗ 0.10ರಿಂದ ಅದೇ 0.158ಕ್ಕೆ ಏರಿಕೆ, ಯಾಕೆಂದರೆ ಒಂದು ಸೋರಿದ್ದೇ ತಡ ಎಡ ಅಟ್ಟಿ ಎಂಬುದು ಖಚಿತವಾಯಿತು.

ಹಾಗಾದರೆ ಎಲ್ಲಿ ಏರಿಕೆ ಶುರುವಾಗುತ್ತದೆ? ಎಡದಲ್ಲಿರುವ ಆರಂಭದ ಅನುಮಾನ 0.5 ಅಲ್ಲ, 0.8 ಎಂದು ಹಿಡಿದರೆ ಮೂರೂ ಸರಿ ಬಂದ ಮೇಲೆ ಅದು 0.663 ಆಗುತ್ತದೆ. ಮುಂದಿನ ಡಬ್ಬ ಸೋರುವುದು 0.16ರಿಂದ 0.156, ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಅನುಮಾನ 0.9 ಇದ್ದರೆ 0.18ರಿಂದ 0.192ಕ್ಕೆ ಏರುತ್ತದೆ. ಈ ಅಂಕಿಗಳಿಗೆ ಗಡಿ ಸುಮಾರು 0.83. ಅದಕ್ಕಿಂತ ಬಲವಾದ ಅನುಮಾನ ಇದ್ದವರು ಮೂರು ಒಳ್ಳೆಯ ಡಬ್ಬ ನೋಡಿ ನಾಲ್ಕನೆಯದರ ಬಗ್ಗೆ ಇನ್ನಷ್ಟು ಎಚ್ಚರವಾಗಬೇಕು, ಕಡಿಮೆ ಇದ್ದವರು ಸ್ವಲ್ಪ ನಿರಾಳವಾಗಬಹುದು. ಇಬ್ಬರ ಲೆಕ್ಕವೂ ಸರಿ. ಆದ್ದರಿಂದಲೇ ಆರಂಭದ ಅನುಮಾನವನ್ನು ಡಬ್ಬ ಚುಚ್ಚುವ ಮೊದಲೇ ಬರೆದಿಡಬೇಕು. ಚುಚ್ಚಿದ ಮೇಲೆ ಬರೆದರೆ ಫಲಿತಾಂಶ ನೋಡಿಯೇ ಬರೆದದ್ದಾಗುತ್ತದೆ.

ಮೂರನ್ನೂ ಒಂದೇ ಅಟ್ಟಿಯಿಂದ ತೆಗೆಯಬೇಕೇ?

ಸಮಾನ ಅನುಮಾನ ಇದ್ದಾಗ ಮೂರನ್ನೂ ಎಡದಿಂದ ತೆಗೆದರೆ ಒಂದಾದರೂ ಸೋರಿಕೆ ಸಿಗುವ ಸಂಭವನೀಯತೆ 0.5 × 0.509 = 0.254. ಎಡದಿಂದ ಎರಡು, ಬಲದಿಂದ ಒಂದು ತೆಗೆದರೆ? ಎಡದ ಎರಡರಲ್ಲಿ ಸಿಗುವುದು 140/380 = 0.368, ಬಲದ ಒಂದರಲ್ಲಿ 0.20. ಒಟ್ಟು 0.5 × 0.368 + 0.5 × 0.20 = 0.284. ಹಂಚಿ ತೆಗೆಯುವುದೇ ಮೇಲು. ಒಂದೇ ಅಟ್ಟಿಯಿಂದ ತೆಗೆಯುವ ಎರಡನೆಯ, ಮೂರನೆಯ ಡಬ್ಬ ಮೊದಲನೆಯದಷ್ಟು ಹೊಸ ವಿಷಯ ಹೇಳುವುದಿಲ್ಲ. ಯಾವುದೇ ಅಟ್ಟಿಯಲ್ಲಿ ಒಂದು ಸೋರಿಕೆ ಸಿಕ್ಕಿತೋ, ಅಲ್ಲಿಗೆ ಚುಚ್ಚುವುದನ್ನು ನಿಲ್ಲಿಸಬೇಕು. ಇನ್ನೊಂದು ಅಟ್ಟಿ ಪೂರ್ತಿ ಶುದ್ಧ, ಅದು ಲೋಡ್ ಆಗಲಿ. ಸಿಕ್ಕಿದ ಅಟ್ಟಿಯ ಎಲ್ಲ ಡಬ್ಬಗಳಿಗೂ ಮತ್ತೆ ಅನಿಲ, ಬೆಸುಗೆ.

ಎಕ್ಸೆಲ್‌ನಲ್ಲಿ ಮಾಡುವವರಿಗೆ

ಕೈಯಲ್ಲಿ ಗುಣಿಸುತ್ತಾ ಹೋಗಬೇಕಿಲ್ಲ. ಹೈಪ್‌ಜಿಯೋಮ್ ಡಿಸ್ಟ್ ಎಂಬ ಫಂಕ್ಷನ್ ಇದೆ (ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಚುಕ್ಕೆಯಿಟ್ಟು ಟೈಪ್ ಮಾಡಬೇಕು). ಆವರಣದೊಳಗೆ ಕ್ರಮವಾಗಿ ಮಾದರಿಯಲ್ಲಿ ಬರಬೇಕಾದ ಸೋರಿಕೆ, ಮಾದರಿಯ ಗಾತ್ರ, ಒಟ್ಟು ಸೋರಿಕೆ, ಒಟ್ಟು ಡಬ್ಬ, ಕೊನೆಗೆ ಫಾಲ್ಸ್. ನಮ್ಮ ಪ್ರಕರಣಕ್ಕೆ 0, 3, 4, 20, ಫಾಲ್ಸ್, ಉತ್ತರ 0.4912. ಜನ ಎಡವುವುದು ಕ್ರಮದಲ್ಲಿ. 3 ಮತ್ತು 4 ಅದಲುಬದಲಾದರೆ ಉತ್ತರ ಬದಲಾಗುವುದಿಲ್ಲ, ಅದು ಈ ಸೂತ್ರದ ಸಮ್ಮಿತಿ. ಆದರೆ 20 ತನ್ನ ಜಾಗ ಬಿಟ್ಟರೆ ದೋಷದ ಸಂದೇಶ ಬರುತ್ತದೆ. ಕೊನೆಯಲ್ಲಿ ಫಾಲ್ಸ್ ಬದಲು ಟ್ರೂ ಹಾಕಿದರೆ "ಅಷ್ಟು ಅಥವಾ ಅದಕ್ಕಿಂತ ಕಡಿಮೆ" ಎಂಬ ಕೂಡಿದ ಉತ್ತರ ಬರುತ್ತದೆ. ಸೊನ್ನೆಗೆ ಎರಡೂ ಒಂದೇ ಆದ್ದರಿಂದ ಈ ತಪ್ಪು ಮೊದಲ ಸಾಲಿನಲ್ಲಿ ಕಾಣುವುದಿಲ್ಲ, ಒಂದು ಸೋರಿಕೆಯ ಸಾಲಿಗೆ ಬಂದಾಗ 0.421ರ ಬದಲು 0.912 ಎಂದು ಬಂದು ಕಾಣುತ್ತದೆ.

ಮಾದರಿ ಗಾತ್ರವನ್ನು ಒಂದು ಕಾಲಂನಲ್ಲಿ 1ರಿಂದ 16ರವರೆಗೆ ಇಳಿಸಿ, ಪಕ್ಕದಲ್ಲಿ ಈ ಫಂಕ್ಷನ್ ಹಾಕಿ, ಮೂರನೆಯ ಕಾಲಂನಲ್ಲಿ ಆ ಉತ್ತರವನ್ನು "1 + ಅದೇ ಉತ್ತರ"ದಿಂದ ಭಾಗಿಸಿ. ಅದು, ಒಂದೇ ಅಟ್ಟಿಯಿಂದ ತೆಗೆದ ಎಲ್ಲವೂ ಸರಿ ಬಂದಾಗ, ಸಮಾನ ಅನುಮಾನದಿಂದ ಹೊರಟವರಿಗೆ ಉಳಿಯುವ ಅನುಮಾನ. ಆರಂಭದ ಅನುಮಾನ ಬೇರೆ ಇದ್ದರೆ ಈ ಸರಳ ರೂಪ ನಡೆಯುವುದಿಲ್ಲ, ಮೇಲಿನಂತೆ ಎರಡೂ ದಾರಿಗಳನ್ನು ಅವುಗಳ ತೂಕದಿಂದ ಗುಣಿಸಿ ಕೂಡಿಸಬೇಕು. ಎಂಟು ಡಬ್ಬಕ್ಕೆ 0.093, ಒಂಬತ್ತಕ್ಕೆ 0.064, ಹತ್ತಕ್ಕೆ 0.042. ಅನುಮಾನ ಶೇಕಡಾ 5ಕ್ಕಿಂತ ಕೆಳಗೆ ಬಂದರೆ ಲೋಡ್ ಮಾಡುವುದು ಎಂದು ಮೊದಲೇ ಒಪ್ಪಿದ್ದರೆ ಹತ್ತು ಡಬ್ಬ ಚುಚ್ಚಬೇಕು, 113.4 ಕಿಲೋ. ಅಷ್ಟು ಹೊತ್ತಿಗೆ ಅಟ್ಟಿಯ ಅರ್ಧ ಮರುಪ್ಯಾಕಿಂಗ್‌ಗೆ ಹೋಗಿರುತ್ತದೆ. ಆದ್ದರಿಂದ ಹಡಗಿನ ದಿನಾಂಕಕ್ಕೆ ಸಮಯ ಇದ್ದರೆ 40 ಡಬ್ಬಗಳನ್ನು ಹಾಗೆಯೇ ಬಿಟ್ಟು, ಒಳ್ಳೆಯ ಡಬ್ಬಗಳಲ್ಲಿ ಒತ್ತಡ ಇಳಿದು ಬದಿಯ ತಗಡು ಒಳಕ್ಕೆ ಎಳೆದುಕೊಳ್ಳುವವರೆಗೆ ಕಾಯುವುದು ಅಗ್ಗ. ಆಮೇಲೆ ಬದಿ ಚಪ್ಪಟೆಯಾಗಿಯೇ ಉಳಿದ ಡಬ್ಬಗಳನ್ನು ಮಾತ್ರ ಚುಚ್ಚಿದರೆ ಸಾಕು. ಆಗ ಷರತ್ತು "ಅಟ್ಟಿಯಿಂದ ಮನಸ್ಸಿಗೆ ಬಂದಂತೆ ತೆಗೆದ ಡಬ್ಬ" ಎಂದಲ್ಲ, "ಬದಿ ಒಳಕ್ಕೆ ಹೋಗದ ಡಬ್ಬ" ಎಂದಾಗುತ್ತದೆ, ಮತ್ತು ಲೆಕ್ಕವನ್ನು ಆ ಷರತ್ತಿನಿಂದಲೇ ಹೊಸದಾಗಿ ಹೂಡಬೇಕು.